ನಲವತ್ತೊಂದು ನಿಮಿಷ

ಮುಂದಿನ ಸೀಟಿನಲ್ಲಿದ್ದ ಹೆಣ್ಣುಮಗಳು ಫೋನು ತೆಗೆದು, ತೆರೆದಿಟ್ಟಿದ್ದ ಆ್ಯಪುಗಳನ್ನೆಲ್ಲ ಹೆಬ್ಬೆರಳಿನಿಂದ ಒಂದೊಂದಾಗಿ ಮೇಲಕ್ಕೆ ತಳ್ಳಿ ಖಾಲಿ ಮಾಡುವುದನ್ನು ಕಂಡು ಬಾಬಾಲಾಲ ಮುಖವನ್ನು ಕಿಟಕಿಯ ಕಡೆ ತಿರುಗಿಸಿದ. ಘಟಪ್ರಭಾದಿಂದ ಗೋಕಾಕಕ್ಕೆ ಹೊರಟ ಹತ್ತು ಗಂಟೆಯ ಬಸ್ಸು. ಹೊರಗೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು ಒಂದರ ಹಿಂದೊಂದು ನಿಂತು ದಾರಿ ಕಟ್ಟಿದ್ದವು. ಹೆಂಡತಿ ಇರ್ಫಾನಾ ಬೆಳಿಗ್ಗೆ ಇಸ್ತ್ರಿ ಮಾಡಿ ಕೊಟ್ಟ ಬಿಳಿ ಅಂಗಿಯ ಕಾಲರು ಕುತ್ತಿಗೆಗೆ ಒತ್ತುತ್ತಿತ್ತು. ಗೋಕಾಕದ ಮಹಿಳಾ ಸಂಘದವರು ಮೊಬೈಲು ಜೋಪಾನ ಮಾಡುವುದು ಹೇಗೆಂದು ಹೇಳಿಕೊಡಲು ಅವನನ್ನು ಕರೆದಿದ್ದರು. ‘ನಿಮ್ಮಷ್ಟು ಸಮಾಧಾನದಿಂದ ತಿಳಿಸಿ ಹೇಳೋರು ಈ ಕಡೆ ಯಾರೂ ಇಲ್ರಿ’ ಎಂದು ಸಂಘದ ಪದ್ಮಶ್ರೀ ಫೋನಿನಲ್ಲಿ ಹೇಳಿದಾಗ ಸಂತೋಷವಾಗಬೇಕಿತ್ತು. ಮೂವತ್ತು ವರ್ಷ ರೇಡಿಯೋ, ಟೇಪ್‌ರೆಕಾರ್ಡರು, ಆಮೇಲೆ ಮೊಬೈಲು ಬಿಚ್ಚಿ ಜೋಡಿಸುತ್ತ ಕುಳಿತವನನ್ನು ನಾಲ್ಕು ಜನರ ಮುಂದೆ ನಿಂತು ಮಾತಾಡು ಎಂದು ಯಾರೂ ಕರೆದಿರಲಿಲ್ಲ. ಆದರೆ ಸಮಾಧಾನ ಎಂಬ ಆ ಮಾತೇ ಎಲ್ಲೋ ಒಳಗೆ ಮುಳ್ಳಿನ ಹಾಗೆ ಮುರಿದು ಕೂತಿತು. ಮೂರು ತಿಂಗಳ ಹಿಂದೆ ಅಲ್ಲವ್ವನಿಗೂ ಅವನು ಬಹಳ ಸಮಾಧಾನದಿಂದಲೇ ತಿಳಿಸಿ ಹೇಳಿದ್ದ.

ಅವನ ಅಂಗಡಿ ದವಾಖಾನೆಯ ಎದುರಿಗಿತ್ತು. ಆ ದಿನ ಮುಂಜಾನೆಯೇ ನಾಲ್ಕು ಜನ ಮುತ್ತಿಕೊಂಡಿದ್ದರು. ಧುಪದಾಳದ ಒಡ್ಡಿನ ಹತ್ತಿರ ನೀರಿಗೆ ಬಿದ್ದ ಫೋನು ತಂದಿದ್ದ ಹುಕ್ಕೇರಿಯವನೊಬ್ಬ, ಇದು ಬದುಕತೈತಿಲ್ಲ, ಅಷ್ಟ ಹೇಳ್ರಿ ಎಂದು ಒಂದೇ ಸಮನೆ ಕೇಳುತ್ತಿದ್ದ. ಬಾಬಾಲಾಲ ತನ್ನ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಸಿಕ್ಕಿಸಿಕೊಂಡು ಬೆಳಗಾವಿಯಿಂದ ಬಿಡಿ ಸಾಮಾನು ಕಳಿಸುವವನ ಜೊತೆ ಜಗಳಾಡುತ್ತ, ಕೈಯಲ್ಲಿ ಸ್ಕ್ರೂ ಬಿಚ್ಚುತ್ತ, ಕಣ್ಣಿನಲ್ಲಿ ಹುಕ್ಕೇರಿಯವನಿಗೆ ತಡೆ ಎನ್ನುತ್ತಿದ್ದ. ಆಗ ಅಲ್ಲವ್ವ ರಸ್ತೆ ದಾಟಿ ಓಡಿ ಬಂದಳು. ಮೇಲವಂಕಿಯವಳು, ಐವತ್ತರ ಆಚೀಚೆ, ಸೆರಗು ತಲೆಯ ಮೇಲಿಂದ ಜಾರಿತ್ತು. ಫೋನನ್ನು ಎರಡೂ ಅಂಗೈಗಳಲ್ಲಿ, ನೀರು ತುಂಬಿದ ಬಟ್ಟಲಿನ ಹಾಗೆ ಹಿಡಿದುಕೊಂಡಿದ್ದಳು. ‘ಅಣ್ಣಾರ, ಇದು ಗಪ್ಪ ನಿಂತಬಿಟ್ಟೈತ್ರಿ. ಇದರಾಗ ನಮ್ಮನಿಯವರ ಮಾತ ಅದಾವ್ರಿ. ಬಂದ ಮಾಡಾಕ ಬರವಲ್ದು’ ಅಂದಳು. ಅಂದಳು ಎಂಬುದು ಅವನಿಗೆ ಗೊತ್ತಿದೆ. ಕೇಳಿಸಲೇ ಇಲ್ಲ ಎಂದು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡು ನೋಡಿದ್ದಾನೆ. ಕೇಳಿಸಿತ್ತು. ಬೆಳಗಾವಿಯವನ ಮಾತು, ಹುಕ್ಕೇರಿಯವನ ಮಾತು, ಇವಳ ಮಾತು ಮೂರೂ ಕೇಳಿಸಿದ್ದವು. ಅವುಗಳಲ್ಲಿ ಯಾವುದನ್ನು ಹಿಡಿದುಕೊಳ್ಳಬೇಕು, ಯಾವುದನ್ನು ಬಿಡಬೇಕು ಎಂಬುದನ್ನು ಅವನ ಮನಸ್ಸು ತನಗೆ ಬೇಕಾದ ಹಾಗೆ ಮಾಡಿಕೊಂಡಿತ್ತು. ಕೈ ಚಾಚಿ ಫೋನು ಇಸಿದುಕೊಂಡ. ಹೆಬ್ಬೆರಳು ತಾನಾಗಿಯೇ ಕೆಳಗಿನಿಂದ ಮೇಲಕ್ಕೆ ಸರಿಯಿತು. ತೆರೆದ ಆ್ಯಪುಗಳು ಇಸ್ಪೀಟಿನ ಎಲೆಗಳಂತೆ ಸಾಲಾಗಿ ನಿಂತವು. ಒಂದೇ ಒತ್ತಿಗೆ ಎಲ್ಲವನ್ನೂ ಎಸೆದ.

ಅದು ಅವನ ಬಹಳ ದಿನದ ಚಾಳಿ. ಹಾಗೆ ಎಸೆಯುವುದರಿಂದ ಏನೂ ಉಪಯೋಗವಿಲ್ಲವೆಂದು ಅವನಿಗಿಂತ ಚೆನ್ನಾಗಿ ಬಲ್ಲವರು ಆ ಬಜಾರಿನಲ್ಲಿ ಇರಲಿಲ್ಲ. ಬಿಟ್ಟುಬಂದ ಆ್ಯಪನ್ನು ಫೋನು ಇದ್ದಲ್ಲಿಯೇ ಮಲಗಿಸಿ ಇಟ್ಟಿರುತ್ತದೆ, ಮತ್ತೆ ಕರೆದರೆ ಥಟ್ಟನೆ ಏಳುತ್ತದೆ. ಎಸೆದರೆ ಮೊದಲಿನಿಂದ ಕಟ್ಟಬೇಕು, ಬ್ಯಾಟರಿಯೂ ಹೆಚ್ಚು ಹೋಗುತ್ತದೆ. ಆದರೆ ಗಿರಾಕಿಗಳಿಗೆ ಖಾಲಿಯಾದ ಪರದೆ ಕಂಡರೆ ಹಿತವಾಗುತ್ತಿತ್ತು. ‘ನೋಡ್ರಿ, ಈಗ ಹಗರಾತು’ ಎಂದು ಅವನು ಫೋನು ತಿರುಗಿಸಿ ತೋರಿಸಿದರೆ, ಕಸ ಹೊಡೆದ ಅಂಗಳ ನೋಡಿದವರ ಹಾಗೆ ಅವರ ಮುಖ ಅರಳುತ್ತಿತ್ತು. ಆ ಅರಳುವಿಕೆಗಾಗಿ ಅವನು ಸಾವಿರ ಸಲ ಗೊತ್ತಿದ್ದೂ ಗೊತ್ತಿದ್ದೂ ಅದನ್ನೇ ಮಾಡಿದ್ದ. ಆ ದಿನ ಅಲ್ಲವ್ವನ ಫೋನಿನ ಮೇಲಿನ ಪಟ್ಟಿಯಲ್ಲಿ, ರೆಕಾರ್ಡಿಂಗ್ ನಡೆದಿದೆ ಎನ್ನುವ ಕೆಂಪು ಚುಕ್ಕೆ ಇತ್ತು. ಅದರ ಪಕ್ಕದಲ್ಲಿ ನಲವತ್ತೊಂದು ನಿಮಿಷ, ಏಳು ಸೆಕೆಂಡು. ಬೆರಳು ಒತ್ತುವುದಕ್ಕೆ ಮೊದಲೇ ಅವನು ಅದನ್ನು ಕಂಡಿದ್ದ. ಕಂಡದ್ದಕ್ಕೂ ಒತ್ತಿದ್ದಕ್ಕೂ ನಡುವೆ ಒಂದು ಎಳೆಯಷ್ಟು ಹೊತ್ತು ಇತ್ತು. ಆ ಎಳೆಯಲ್ಲಿ ಅವನು ಬೆಳಗಾವಿಯವನಿಗೆ ಬೈಯುತ್ತಿದ್ದ.

ಬಸ್ಸು ನಿಂತು ಯಾರೋ ಇಳಿದರು. ಬಾಬಾಲಾಲನ ಬಾಜೂ ಕುಳಿತ ಮುದುಕ, ‘ಎಲ್ಲಿಗಿ ಹೊಂಟೀರಿ, ಲಗ್ನಕ್ಕೇನ್ರಿ?’ ಎಂದು ಅಂಗಿ ನೋಡಿ ಕೇಳಿದ. ಬಾಬಾಲಾಲ ಹೂಂ ಅಂದುಬಿಟ್ಟ. ಇಷ್ಟು ಸಣ್ಣ ಮಾತಿಗೂ ಸುಳ್ಳು ಹೇಗೆ ಸಲೀಸಾಗಿ ಬರುತ್ತದೆ ಎಂದು ಅವನಿಗೇ ಹೇಸಿಕೆಯಾಯಿತು. ಅವತ್ತೂ ಹೀಗೆಯೇ ಬಂದಿತ್ತು. ಅಲ್ಲವ್ವ ಕಟ್ಟೆ ಹಿಡಿದು ನಿಂತು, ‘ಆ ಮಾತ ಎಲ್ಲಿ ಅದಾವ ತೋರಸ್ರಿ’ ಅಂದಾಗ ಅವನು ರೆಕಾರ್ಡರು ತೆರೆದ. ಪಟ್ಟಿ ಖಾಲಿ. ಕಡತಗಳ ಒಳಗೆ ಹೊಕ್ಕು ಹುಡುಕಿದ. ನಡೆಯುತ್ತಿದ್ದ ರೆಕಾರ್ಡಿಂಗಿನ ಕತ್ತು ನಡುವೆಯೇ ಹಿಚುಕಿದ್ದರಿಂದ ಅದನ್ನು ಉಳಿಸಿಕೊಳ್ಳುವುದಕ್ಕೆ ಫೋನಿಗೆ ಸಮಯವೇ ಸಿಕ್ಕಿರಲಿಲ್ಲ. ಬೆಳಗಾವಿಯವನ ಫೋನು ಇಟ್ಟ. ಹುಕ್ಕೇರಿಯವನಿಗೆ ನಾಳೆ ಬಾ ಅಂದ. ಆಗ ಮಾತ್ರ ಅವಳ ಮಾತು ಪೂರ್ತಿಯಾಗಿ ಅವನಿಗೆ ಮುಟ್ಟಿತು. ಅವಳ ಗಂಡ ರಾಜಪ್ಪನಿಗೆ ಗಂಟಲಿನ ಗಂಟು. ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕು, ಆಮೇಲೆ ಮಾತು ಬರುವುದಿಲ್ಲ ಎಂದು ಡಾಕ್ಟರು ಹೇಳಿದ್ದರು. ಮನುಷ್ಯ ಮೊದಲೇ ಮಾತಿನವನಲ್ಲ. ‘ಮೂವತ್ತು ವರ್ಷದಾಗ ನನ್ನ ಹೆಸರ ಹಿಡದ ಕರದಿದ್ದು ಹತ್ತ ಸಲಾನೂ ಇರಾಕಿಲ್ರಿ. ಇವತ್ತ ತಾವ ಫೋನ ಬೇಡಿದ್ರು. ನಿನ್ನ ಮುಂದ ಆಗೂದಿಲ್ಲ, ನೀ ಹೊರಗ ನಿಲ್ಲು, ಆಮ್ಯಾಲ ಕೇಳು ಅಂದ್ರು. ನಾ ಬಾಗಲಾ ಮುಚ್ಚಿ ನಿಂತೆ. ಈಗ ಒಳಗ ಒಯ್ದಾರ್ರಿ.’ ರಾಜಪ್ಪನಿಗೆ ಸಹಿ ಮಾಡುವಷ್ಟು ಬಿಟ್ಟರೆ ಬರೆಯಲು ಬರುತ್ತಿರಲಿಲ್ಲ.

ಆಗಲೇ ಹೇಳಬಹುದಾಗಿತ್ತು. ನನ್ನ ಕೈಯಿಂದ ತಪ್ಪಾತು ಅಕ್ಕಾರ ಅಂದರೆ ಅವಳು ಕೂಗಾಡುತ್ತಿದ್ದಳು, ನಾಲ್ಕು ಜನ ಸೇರುತ್ತಿದ್ದರು, ಅಷ್ಟೇ. ಅವನು ಅವಳ ಫೋನನ್ನು ಒರೆಸಿ ಕಟ್ಟೆಯ ಮೇಲೆ ಇಟ್ಟ. ಕನ್ನಡಕ ತೆಗೆದ. ‘ಅಕ್ಕಾರ, ಇದು ಸಣ್ಣ ಫೋನು. ಒಂದ ಟೈಮಿಗೆ ಇಷ್ಟ ಅಂತ ಜಾಗಾ ಇರತೈತಿ. ನೀವು ವಾಟ್ಸಾಪ್ ತಗದೀರಿ, ಫೋಟೋ ತಗದೀರಿ, ಮತ್ತ ಯಾರಿಗೋ ಫೋನ ಹಚ್ಚೀರಿ. ಜಾಗಾ ಸಾಲದಾಗ ಅದು ಹಿಂದಿಂದನ್ನ ತಾನ ಹೊರಗ ಹಾಕತೈತಿ’ ಎಂದು ಬಹಳ ಸಮಾಧಾನದಿಂದ ತಿಳಿಸಿ ಹೇಳಿದ. ಒಂದೊಂದು ಮಾತೂ ಬೇರೆ ಯಾವಾಗಲಾದರೂ ಖರೆಯೇ. ಅಲ್ಲವ್ವ ತನ್ನ ಬಲಗೈಯನ್ನು ತಿರುಗಿಸಿ ನೋಡಿಕೊಂಡಳು. ‘ಅಂದ್ರ ನಾ ಅದನ್ನ ಇದನ್ನ ಒತ್ತಿದ್ದಕ್ಕ ಹೋತೇನ್ರಿ?’ ಎಂದು ಕೇಳಿದಳು. ಹೌದ್ರಿ ಅಂದ. ಅವಳು ಅಳಲಿಲ್ಲ. ‘ನಿಮಗ ತ್ರಾಸ ಕೊಟ್ಟೆ’ ಎಂದು ಹೇಳಿ, ರಸ್ತೆಯ ಎರಡೂ ಕಡೆ ನೋಡಿ, ನಿಧಾನವಾಗಿ ದಾಟಿ ಹೋದಳು.

ಅಂದಿನಿಂದ ಅವನು ಕುರ್ಚಿಯನ್ನು ತಿರುಗಿಸಿ ದವಾಖಾನೆಯ ಬಾಗಿಲು ಕಾಣದ ಹಾಗೆ ಕೂರುತ್ತಾನೆ. ಬೆಳಕು ಕಣ್ಣಿಗೆ ಹೊಡೆಯುತ್ತದೆ ಎಂದು ಇರ್ಫಾನಾಳಿಗೆ ಹೇಳಿದ್ದ. ಅವಳು ನಂಬಿದಳೋ ಇಲ್ಲವೋ, ಒಂದು ಪರದೆ ಹೊಲಿದು ತಂದು ಕೊಟ್ಟಳು. ಅದನ್ನು ಕಟ್ಟಿದ ಮೇಲೂ ಕುರ್ಚಿಯನ್ನು ಮೊದಲಿನ ಹಾಗೆ ತಿರುಗಿಸಿಕೊಳ್ಳಲಾಗದೆ, ಪರದೆ ನೋಡಿದಾಗಲೆಲ್ಲ ಹೆಂಡತಿಯ ಹೊಲಿಗೆಯ ಮುಂದೆಯೂ ತಲೆ ತಗ್ಗುವಂತಾಗುತ್ತಿತ್ತು.

ಸಂಘದ ಸಭಾಂಗಣದಲ್ಲಿ ಐವತ್ತು ಅರವತ್ತು ಹೆಂಗಸರಿದ್ದರು. ಮೊದಮೊದಲು ಬಾಬಾಲಾಲ ಮಾತಿಗೆ ತಡವರಿಸಿದ. ಆಮೇಲೆ ಒಬ್ಬಾಕೆ, ‘ಅಣ್ಣಾರ, ಒಂದ ಆ್ಯಪ್ ಬಿಟ್ಟು ಇನ್ನೊಂದಕ್ಕ ಹೋಗಿ ಹೊಳ್ಳಿ ಬರೂದ್ರಾಗ ತುಂಬಿದ ಫಾರ್ಮ್ ಎಲ್ಲಾ ಅಳಿಸಿ ಹೋಗಿರತೈತಲ್ರಿ, ಯಾಕ?’ ಎಂದು ಕೇಳಿದ್ದೇ ತಡ, ಕಸುಬಿನ ಮಾತು ತಾನೇ ನಾಲಿಗೆಗೆ ಬಂತು. ‘ನೀವು ರೊಟ್ಟಿ ಬಡಿಯಾಕ ಕುಂತೀರಿ ಅಂತ ತಿಳೀರಿ. ಮುಂದಿನ ಜಾಗಾ ಇಷ್ಟ. ಹಿಟ್ಟಿನ ಪರಾತ, ನೀರಿನ ತಂಬಗಿ, ಪಲ್ಲೆದ ಗಡಗಿ. ಇನ್ನೊಂದು ಇಡಬೇಕಂದ್ರ ಏನ ಮಾಡತೀರಿ? ಬಾಳ ಹೊತ್ತಿನಿಂದ ಮುಟ್ಟದ್ದನ್ನ ಎತ್ತಿ ಗ್ವಾಡಿ ಮಾಡದಾಗ ಇಡತೀರಿ. ಫೋನೂ ಹಂಗ. ಜಾಗಾ ಸಾಲಲಿಲ್ಲಂದ್ರ, ಮುಟ್ಟಲಾರದ ಬಿಟ್ಟ ಆ್ಯಪ್‌ನ ಮೊದಲ ತಗೀತೈತಿ. ಅದಕ್ಕ ನಿಮ್ಮ ಫಾರ್ಮ್ ಹೋಗೂದು.’ ಹೆಂಗಸರು ನಕ್ಕರು, ತಲೆಯಾಡಿಸಿದರು. ಆ ನಗೆ ಅವನನ್ನು ಮೇಲಕ್ಕೆ ಎತ್ತಿತು. ‘ಆದ್ರ ಒಲಿ ಮ್ಯಾಲ ಹಂಚಿನಾಗ ರೊಟ್ಟಿ ಬೇಯಾಕತ್ತಿದ್ರ, ಜಾಗಾ ಇಲ್ಲಂತ ಹಂಚ ಇಳಸತೀರೇನು?’ ‘ಇಲ್ರೀ!’ ಎಂದು ಇಡೀ ಸಭೆ ಒಂದೇ ದನಿಯಲ್ಲಿ ಕೂಗಿತು. ‘ಹಾಂ. ಹಾಡ ನಡದಿದ್ರ, ರೆಕಾರ್ಡಿಂಗ್ ನಡದಿದ್ರ, ಅದು ಒಲಿ ಮ್ಯಾಲಿನ ಹಂಚು. ಫೋನ್ ಅದನ್ನ ಕೈಬಿಡೂದಿಲ್ಲ. ಅದನ್ನ ಇಳಸೂದು ಮನಶಾನ ಕೈ ಮಾತ್ರ.’

ಹೇಳಿ ಮುಗಿಸಿದ ಮೇಲೆ ಅವನಿಗೆ ತಾನು ಏನು ಹೇಳಿದೆನೆಂದು ಕೇಳಿಸಿತು. ಮೂರನೆಯ ಸಾಲಿನಲ್ಲಿ ಹಸಿರು ಸೀರೆಯ ಹೆಂಗಸೊಬ್ಬಳು ಎದ್ದು ನಿಂತಳು. ‘ಹಂಗಾದ್ರ ನಮ್ಮ ಓಣ್ಯಾಗ ಒಬ್ಬಾಕಿ ಅದಾಳ್ರಿ. ಆಕಿ ಫೋನಿನಾಗ ರೆಕಾರ್ಡಿಂಗ್ ನಡದಾಗನ ಅದು ಹೋತು. ಜಾಗಾ ಸಾಲದ ಫೋನ ತಾನ ಹೊರಗ ಹಾಕೇತಿ ಅಂತ ಅಂಗಡ್ಯಾಂವ ಹೇಳಿದ್ನಂತ. ಅದು ಹೆಂಗ್ರಿ?’ ಅವಳ ಮುಖದಲ್ಲಿ ಯಾವ ಕುಹಕವೂ ಇರಲಿಲ್ಲ. ತಿಳಿಯಬೇಕೆಂದು ಕೇಳುವ ಮುಖ. ಆ ಅಂಗಡಿಯವನು ಇವನೇ ಎಂದು ಅವಳಿಗೆ ಗೊತ್ತಿರಲಿಲ್ಲ. ಬಾಬಾಲಾಲ ಕೈವಸ್ತ್ರ ತೆಗೆದು ಹಣೆ ಒರೆಸಿಕೊಂಡ. ‘ಒಮ್ಮೊಮ್ಮೆ... ಹಳೇ ಫೋನಿನಾಗ ಹಂಗೂ ಆಗತೈತ್ರಿ’ ಅಂದ. ‘ಹಂಗೇನ್ರಿ’ ಎಂದು ಅವಳು ಕುಳಿತಳು. ಪದ್ಮಶ್ರೀ ಎದ್ದು ಚಪ್ಪಾಳೆ ತಟ್ಟಿಸಿ ಅವನ ಹೆಗಲಿಗೆ ಶಾಲು ಹೊದಿಸಿದಳು. ಫೋಟೋ ತೆಗೆಯುವಾಗ ‘ಸ್ವಲ್ಪ ನಗ್ರಿ’ ಅಂದರು. ಅವನು ನಕ್ಕ. ಫೋಟೋದಲ್ಲಿ ಆ ನಗು ಹೇಗೆ ಬಂದಿರಬಹುದೆಂದು ಯೋಚಿಸುತ್ತಲೇ ಮೆಟ್ಟಿಲು ಇಳಿಯುತ್ತಿದ್ದವನನ್ನು ಹಸಿರು ಸೀರೆಯವಳು ಹಿಂದಿನಿಂದ ಕೂಗಿದಳು.

ಅವಳ ಹೆಸರು ಭರಮವ್ವ. ‘ಅಷ್ಟ ಮಂದ್ಯಾಗ ಪೂರಾ ಕೇಳಾಕ ಆಗಲಿಲ್ರಿ. ಹೋದದ್ದನ್ನ ಹೊಳ್ಳಿ ತಗಿಯಾಕ ಏನರ ಹಾದಿ ಐತೇನ್ರಿ? ಆಕಿ ಗಂಡಗ ಮಾತ ಹೋಗೇತ್ರಿ, ಕೊರಳಾಗ ತೂತ ಐತಿ. ಅದು ಅವನ ಕಡೀ ಮಾತಿತ್ತು.’ ಇಲ್ಲ ಎಂದು ಬಾಬಾಲಾಲ ತಲೆಯಾಡಿಸಿದ. ಭರಮವ್ವ ಸುತ್ತ ನೋಡಿ ದನಿ ತಗ್ಗಿಸಿದಳು. ‘ಹೋಗೇತಿ ಅಂತ ಆಕಿ ಗಂಡಗ ಹೇಳೇ ಇಲ್ರಿ. ನನ್ನ ಕೈಯಾರೆ ಹಾಳ ಮಾಡಿದೆ, ಯಾವ ಬಾಯಿಲೆ ಹೇಳ್ಲಿ ಅಂತಾಳು. ಅಂವ ಪಾಪ, ಈಕಿ ಎಲ್ಲಾ ಕೇಳ್ಯಾಳಂತ ತಿಳದಾನ. ದವಾಖಾನ್ಯಾಗಿಂದ ಬಂದಾಗಿನಿಂದ ಈಕಿ ಮಾರಿ ನೋಡಿಕೋತ ಕುಂದರತಾನ. ಏನ ಹೇಳಿದ್ನೋ, ಏನ ಕೇಳಿದ್ನೋ, ಅದಕ್ಕ ಈಕಿ ಏನಂತಾಳ ಅಂತ ಕಾಯಾಕತ್ತಾನ. ಈಕಿ ಮಾರಿ ತಪ್ಪಿಸಿ ಅಡ್ಡಾಡತಾಳ. ಊಟದ ಗಂಗಾಳಾ ಇಟ್ಟು ಹಿತ್ತಲಕ್ಕ ಹೋಗತಾಳ.’

ಬಸ್ ಸ್ಟ್ಯಾಂಡಿನಲ್ಲಿ ಘಟಪ್ರಭಾದ ಬಸ್ಸು ನಿಂತಿತ್ತು. ಬಾಬಾಲಾಲ ಅದರ ಬಾಗಿಲಿನ ಹತ್ತಿರ ಹೋಗಿ, ಕಂಬಿ ಹಿಡಿದು, ಹತ್ತದೆ ನಿಂತ. ಹಿಂದಿನವರು ‘ಹತ್ರಿ, ಇಲ್ಲಂದ್ರ ಸರೀರಿ’ ಅಂದರು. ಸರಿದ. ಇಷ್ಟು ದಿನ ಅವನು ಕಳೆದುಹೋದ ಮಾತನ್ನಷ್ಟೇ ಲೆಕ್ಕಕ್ಕೆ ಹಿಡಿದಿದ್ದ. ಹೋದದ್ದು ಹೋಯಿತು, ಯಾರು ಕಳೆದರೆಂಬುದರಿಂದ ಅದು ತಿರುಗಿ ಬರುವುದಿಲ್ಲ ಎಂದು ತನ್ನನ್ನು ಸಂತೈಸಿಕೊಂಡಿದ್ದ. ತನ್ನ ಒಂದು ‘ಹೌದ್ರಿ’ಯ ಕೆಳಗೆ ಒಂದು ಮನೆಯಲ್ಲಿ ಎರಡು ಜೀವಗಳು ಮೂರು ತಿಂಗಳಿನಿಂದ ಒಬ್ಬರ ಮುಖ ಒಬ್ಬರು ಓದಲಾಗದೆ ಕೂತಿವೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಮೂಡಲಗಿಯ ಕಡೆ ಹೋಗುವ ಟೆಂಪೋದವನು ಕೂಗಿ ಕರೆಯುತ್ತಿದ್ದ. ಮೇಲವಂಕಿಗೆ ಹೇಗೆ ಹೋಗುವುದೆಂದು ಅವನನ್ನೇ ಕೇಳಿ, ಅವನು ತೋರಿಸಿದ ಬಸ್ಸು ಹತ್ತಿದ. ಶಾಲನ್ನು ಮಡಚಿ ಚೀಲದ ತಳಕ್ಕೆ ತುರುಕಿದ. ದಾರಿಯುದ್ದಕ್ಕೂ ಮಾತು ಜೋಡಿಸಿದ. ಕೆಲಸದ ಗದ್ದಲಿತ್ತು ಅಕ್ಕಾರ. ನೀವು ಹೇಳಿದ್ದು ಸರಿಯಾಗಿ ಕೇಳಸಲಿಲ್ಲ. ಫೋನೂ ಜಾಮ್ ಆಗಿತ್ತು. ಒಂದೊಂದು ಮಾತನ್ನೂ ಜೋಡಿಸಿದ ಮೇಲೆ ಅದರೊಳಗೆ ತಾನು ತಪ್ಪಿಸಿಕೊಂಡು ಹೋಗುವ ಒಂದು ಕಿಂಡಿ ಕಾಣುತ್ತಿತ್ತು. ಮೇಲವಂಕಿ ಬರುವ ಹೊತ್ತಿಗೆ ಜೋಡಿಸಿದ್ದರಲ್ಲಿ ಒಂದೂ ಉಳಿಯಲಿಲ್ಲ.

ಮನೆ ಕೇಳಿಕೊಂಡು ಹೋದಾಗ ಅಲ್ಲವ್ವ ಅಂಗಳದಲ್ಲಿ ಗೋವಿನಜೋಳ ಹರವುತ್ತಿದ್ದಳು. ಅವನನ್ನು ಗುರುತು ಹಿಡಿದು ಗಾಬರಿಯಾದಳು. ಆಮೇಲೆ ಬಡಬಡ ಕೈ ಒರೆಸಿಕೊಂಡು, ‘ಬರ್ರಿ ಅಣ್ಣಾರ, ಬರ್ರಿ. ಈ ಕಡೆ ಹಾದಿ ತಪ್ಪಿ ಬಂದ್ರೇನು!’ ಎಂದು ಕಟ್ಟೆಯ ಮೇಲೆ ಕಂಬಳಿ ಹಾಸಿದಳು. ಬೇಡವೆಂದರೂ ಒಳಗೆ ಹೋಗಿ ಚಹಾ ಮಾಡಿಕೊಂಡು ಬಂದಳು. ಕಪ್ಪು ಕೈಯಲ್ಲಿ ಹಿಡಿದು ಕುಳಿತರೆ ಬಾಬಾಲಾಲನಿಗೆ ಕುಡಿಯಲೂ ಆಗಲಿಲ್ಲ, ಇಡಲೂ ಆಗಲಿಲ್ಲ. ಇವರ ಚಹಾ ಕುಡಿದು ಹೇಳುವುದು ಹೇಗೆ, ಕುಡಿಯದೆ ಇಟ್ಟರೆ ಅದೂ ಒಂದು ಅವಮಾನ. ‘ನೀವು ಹೇಳಿದ ಮ್ಯಾಗ ನಾ ಫೋನ ಮುಟ್ಟೂದ ಬಿಟ್ಟೇನ್ರಿ. ಭರಮವ್ವಗೂ ಹೇಳೇನಿ, ಒಂದ ತಗದ್ರ ಒಂದ, ಎರಡ ತಗೀಬ್ಯಾಡ ಅಂತ’ ಎಂದು ಅವಳು ವಿಧೇಯ ಹುಡುಗಿಯ ಹಾಗೆ ಹೇಳಿದಳು. ಆ ವಿಧೇಯತೆ ಅವನ ಕಪಾಳಕ್ಕೆ ಹೊಡೆದಂತಾಯಿತು. ಚಹಾ ತುಳುಕಿ ಬಿಳಿ ಅಂಗಿಯ ಮೇಲೆ ಬಿತ್ತು.

‘ಅದು ನಾ ಮಾಡಿದ್ದು ಅಕ್ಕಾರ’ ಅಂದ. ‘ನೀವು ಒತ್ತಿದ್ದಕ್ಕ ಹೋಗಿಲ್ಲ. ನನ್ನ ಕೈಗೆ ಬಂದಾಗ ಅದು ನಡದಿತ್ತು. ನಡದದ್ದನ್ನ ನಾ ನೋಡೇನಿ. ನೋಡಿ ತಗದ ಒಗದೆ.’

ಅಲ್ಲವ್ವ ನಿಂತಲ್ಲೇ ನಿಂತಳು. ‘ಖರೇನ?’

‘ಖರೇ.’

‘ಆ ದಿನಾ ನಾ ಕೇಳಿದೆ. ನಾ ಮಾಡಿದ್ದೇನ್ರಿ ಅಂತ ಕೇಳಿದೆ. ಹೌದು ಅಂದ್ರಿ.’

‘ಅಂದೆ.’

‘ಯಾಕ?’

ಗದ್ದಲ, ಗಿರಾಕಿ, ಬೆಳಗಾವಿಯವನು, ಎಲ್ಲ ಕಣ್ಣ ಮುಂದೆ ಬಂದು ಸುಮ್ಮನೆ ಹೋದವು. ‘ಮಂದಿ ನೋಡಾಕತ್ತಿದ್ರು’ ಅಂದ. ತನ್ನ ಬಾಯಿಂದ ಬಂದ ಆ ಮಾತು ಎಷ್ಟು ಸಣ್ಣದೆಂದು ಕೇಳಿ ಅವನ ಕಿವಿ ಸುಟ್ಟವು.

ಅವಳು ಬೈಯಬಹುದೆಂದು, ಓಣಿಯ ಜನರನ್ನು ಕೂಗಬಹುದೆಂದು ಕಾದ. ಅವಳು ಹಿತ್ತಲಿನ ಕಡೆ ಬೆರಳು ತೋರಿಸಿದಳು. ‘ಅವರು ಅಲ್ಲಿ ಅದಾರ. ಅವರಿಗೂ ನೀವ ಹೇಳ್ರಿ. ಏನ ಹೇಳಿದ್ರೋ ಅದರಾಗ ಒಂದೂ ನನ್ನ ಕಿವಿಗೆ ಬಿದ್ದಿಲ್ಲ ಅಂತ ಹೇಳ್ರಿ. ನನಗ ಬಾಯಿ ಬರೂದಿಲ್ಲ.’

ರಾಜಪ್ಪ ಹಿತ್ತಲಿನಲ್ಲಿ ಹಗ್ಗ ಹೊಸೆಯುತ್ತಿದ್ದ. ಕೊರಳಿಗೆ ತೆಳ್ಳನೆಯ ಬಿಳಿ ಬಟ್ಟೆ ಕಟ್ಟಿಕೊಂಡಿದ್ದ. ಉಸಿರಾಡಿದಾಗ ಅದು ಸ್ವಲ್ಪ ಒಳಗೆ ಹೋಗಿ ಹೊರಗೆ ಬರುತ್ತಿತ್ತು. ಬಾಬಾಲಾಲ ಅವನ ಮುಂದೆ ನೆಲದ ಮೇಲೆ ಕುಳಿತ. ಎರಡನೆಯ ಸಲ ಹೇಳುವುದು ಹಗುರಾಗುತ್ತದೆಂದು ಅವನು ತಿಳಿದಿದ್ದ. ಆಗಲಿಲ್ಲ. ಬೈಯಲಾಗದವನ ಮುಂದೆ ತಪ್ಪು ಒಪ್ಪಿಕೊಳ್ಳುವುದರಲ್ಲಿ ಏನೋ ಕಳ್ಳತನವಿದೆ ಅನ್ನಿಸಿ, ನಡುವೆ ಎರಡು ಸಲ ನಿಂತ. ನಿಮ್ಮ ಮಾತು ಆಕೆಗೆ ಮುಟ್ಟಿಯೇ ಇಲ್ಲ, ಆಕೆ ಕೇಳಿಯೇ ಇಲ್ಲ, ತಪ್ಪು ಆಕೆಯದೆಂದು ನಾನೇ ಸುಳ್ಳು ಹೇಳಿದೆ ಎಂದು ಮುಗಿಸಿದ. ರಾಜಪ್ಪನ ಕೈಯಲ್ಲಿ ಹಗ್ಗ ನಿಂತಿತು. ಅವನು ಬಾಬಾಲಾಲನನ್ನು ನೋಡಲೇ ಇಲ್ಲ. ಬಾಗಿಲಲ್ಲಿ ನಿಂತ ಹೆಂಡತಿಯನ್ನು ನೋಡಿದ. ಎರಡು ಬೆರಳು ಎತ್ತಿ ತನ್ನ ಕಿವಿ ಮುಟ್ಟಿ, ಅಂಗೈ ತಿರುಗಿಸಿ ಕೇಳಿದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಮತ್ತೊಮ್ಮೆ ಕೇಳಿದ. ಮತ್ತೊಮ್ಮೆ ಇಲ್ಲ ಅಂದಳು. ಆಗ ಅವನ ಹೆಗಲುಗಳು ಅಲುಗತೊಡಗಿದವು. ಬಾಯಿ ತೆರೆದಿತ್ತು, ಸದ್ದು ಇರಲಿಲ್ಲ, ಕೊರಳಿನ ಬಟ್ಟೆ ಮಾತ್ರ ಬಡಬಡ ಹೊಡೆದುಕೊಳ್ಳುತ್ತಿತ್ತು. ಅಳುತ್ತಿದ್ದಾನೋ ನಗುತ್ತಿದ್ದಾನೋ ಬಾಬಾಲಾಲನಿಗೆ ತಿಳಿಯಲಿಲ್ಲ. ಅಲ್ಲವ್ವನಿಗೆ ತಿಳಿದಿರಬೇಕು. ಅವಳು ಹೊಸ್ತಿಲು ಇಳಿದು ಬಂದು ಗಂಡನ ಮುಂದೆ ನಿಂತಳು.

ಬಾಬಾಲಾಲ ಎದ್ದ. ಕ್ಷಮಿಸಿರಿ ಎನ್ನುವ ಮಾತು ಬಾಯಿಯವರೆಗೆ ಬಂದರೂ ಅದು ಮತ್ತೇನನ್ನೋ ಬೇಡುವ ಮಾತೆನ್ನಿಸಿ ನುಂಗಿಕೊಂಡ. ‘ನಾ ಹೋಗತೇನ್ರಿ’ ಅಂದ. ಮನೆಗೆ ಬಂದವರಿಗೆ ಹೋಗಿ ಬರ್ರಿ ಎನ್ನುತ್ತಾರೆ. ಶತ್ರುವಿಗೂ ಹಾಗೆಯೇ ಎನ್ನುತ್ತಾರೆ. ಅಲ್ಲವ್ವ ತಿರುಗಿ ನೋಡದೆ, ‘ಹೋಗ್ರಿ’ ಅಂದಳು.

ಅಂಗಳ ದಾಟಿ ಓಣಿಗೆ ಬಂದಾಗ ಹಿಂದಿನಿಂದ ಅವಳ ದನಿ ಕೇಳಿಸಿತು. ಮೂರು ತಿಂಗಳಿನಿಂದ ಕಟ್ಟಿಟ್ಟ ದನಿ, ಅರ್ಧ ಸಿಟ್ಟು, ಅರ್ಧ ಮತ್ತೇನೋ. ‘ಅಳಬ್ಯಾಡ್ರಿ ಸುಮ್ನ. ಏನ ಹೇಳಿದ್ರಿ ಅಂತ ನನಗೀಗ ತಿಳೀಬೇಕು. ಕೈ ಮಾಡಿ ತೋರಸ್ರಿ. ಮೊದಲಿಂದ ತೋರಸ್ರಿ. ನನ್ನ ಬಗ್ಗೆ ಹೇಳಿದ್ರೇನು?’ ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಮತ್ತೆ ಅವಳೇ, ‘ಹಾಂ? ಯಾವಾಗ? ನನಗ ತಿಳೀಲಿಲ್ಲ, ಇನ್ನೊಮ್ಮೆ ತೋರಸ್ರಿ...’

ಬಾಬಾಲಾಲನ ಕಾಲು ನಿಂತಿದ್ದವು. ಗೋಡೆಯ ಆಚೆ ಆ ಮೌನ ಏನು ಹೇಳುತ್ತದೋ ಎಂದು ತಾನು ಕಿವಿಗೊಟ್ಟು ನಿಂತಿರುವುದು ಅರಿವಿಗೆ ಬಂದು ಅವನ ಮುಖ ಕಾದಿತು. ಇದನ್ನು ಕೇಳುವ ಹಕ್ಕು ಭೂಮಿಯ ಮೇಲೆ ಯಾರಿಗಿದ್ದರೂ ತನಗಿಲ್ಲ. ಕಲೆಯಾದ ಅಂಗಿಯಲ್ಲಿ, ಎದುರಾದವರು ಯಾರೆಂದು ನೋಡದೆ, ಅವಳ ದನಿ ಕೇಳಿಸದಷ್ಟು ದೂರ ಹೋಗುವವರೆಗೆ ಅವನು ಬಿರಬಿರನೆ ನಡೆದ.